ಮಹದೇವಯ್ಯನವರ ಹೆಸರಿನಲ್ಲಿ

ಮಹದೇವಯ್ಯನವರ ಪುಣ್ಯಾನುಮೋದನೆ, ಅಂದರೆ ಬೌದ್ಧ ರೀತಿಯ ತಿಥಿ, ಮುಗಿದ ಮಾರನೆಯ ದಿನ ಮಗಳು ಶೋಭಿತಾ ಮಳವಳ್ಳಿಯ ಪುಸ್ತಕದಂಗಡಿಯ ಷಟರ್ ಎತ್ತಿದಳು. ಜೂನ್ ತಿಂಗಳು, ಶಾಲೆ ಕಾಲೇಜು ಶುರುವಾಗುವ ಹೊತ್ತು. ಪ್ರತಿ ವರ್ಷ ಆ ದಿನಗಳಲ್ಲಿ ಕೌಂಟರಿನ ಮುಂದೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಈ ಸಲ ಬೆಳಗಿನಿಂದ ಸಂಜೆಯವರೆಗೆ ಬಂದದ್ದು ಪೆನ್ನಿನ ರೀಫಿಲ್ ಕೇಳಿದ ಒಬ್ಬಳು ಹುಡುಗಿ. ಸಾವಾದ ಮನೆಯವರ ಅಂಗಡಿ, ಜನ ಹಿಂಜರಿಯುತ್ತಿರಬಹುದು ಅಂದುಕೊಂಡಳು. ಮಾರನೆಯ ದಿನವೂ ಹಾಗೇ ಆಯಿತು. ಆ ವಾರವೆಲ್ಲ ಹಾಗೇ ಕಳೆಯಿತು.

ಶನಿವಾರ ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಲೆಕ್ಚರರು ರಸ್ತೆ ದಾಟಿ ಬಂದರು. ಅಪ್ಪನ ಹಳೆಯ ಗಿರಾಕಿ. ಅಂಗಡಿ ತೆರೆದಿರುವುದನ್ನು ಕಂಡು ಅವರಿಗೆ ಆಶ್ಚರ್ಯವಾಗಿತ್ತು. ಮುಚ್ಚಿಬಿಟ್ಟರು ಅಂತ ಮೆಸೇಜು ಬಂದಿತ್ತಲ್ಲಮ್ಮ ಎನ್ನುತ್ತ ಫೋನು ತೆಗೆದು ತೋರಿಸಿದರು.

ಪರದೆಯ ಮೇಲೆ ಅಪ್ಪನ ಫೋಟೊ ಇತ್ತು. ಸೇವಂತಿಗೆಯ ಹಾರ, ಮುಂದೆ ಉರಿಯುತ್ತಿದ್ದ ಮೇಣದ ಬತ್ತಿ, ಹಿಂದೆ ಅವರದೇ ಮನೆಯ ಹಸಿರು ಕರ್ಟನ್ನು. ಮಣ್ಣು ಮಾಡಿದ ದಿನ ಅವಳು ಬಂದವರ ನಡುವೆ ಇದ್ದಾಗ ಯಾರೋ ನಡುಮನೆಯಲ್ಲಿ ನಿಂತು ತೆಗೆದದ್ದು. ಕೆಳಗೆ ಬರೆದಿತ್ತು: ನಮ್ಮ ಹಿರಿಯರಾದ ಮಹದೇವಯ್ಯನವರು ಇನ್ನಿಲ್ಲ. ಮಳವಳ್ಳಿಯ ಮಳಿಗೆಯನ್ನು ಮುಚ್ಚಲಾಗಿದೆ. ಇನ್ನು ಮುಂದೆ ಎಲ್ಲ ಪುಸ್ತಕಗಳೂ ಆನ್‌ಲೈನಿನಲ್ಲಿ, ‘ಮಹದೇವಯ್ಯ ಬುಕ್ಸ್’ನಲ್ಲಿ ಮಾತ್ರ. ಅವರ ನೆನಪಿಗಾಗಿ ಈ ತಿಂಗಳಿಡೀ ಭಾರಿ ರಿಯಾಯಿತಿ.

ಅದನ್ನು ಕಳಿಸಿದವನು ಪುಟ್ಟರಾಜು.

ಪುಟ್ಟರಾಜು ಮದ್ದೂರಿನ ಕಡೆಯವನು. ಪಿಯುಸಿ ಫೇಲಾಗಿ ಅಲೆಯುತ್ತಿದ್ದವನನ್ನು ಮಹದೇವಯ್ಯನವರು ಅಂಗಡಿಗೆ ಸೇರಿಸಿಕೊಂಡಿದ್ದರು. ಹತ್ತು ಹನ್ನೆರಡು ವರ್ಷ ಅಲ್ಲೇ ಇದ್ದ. ಏಪ್ರಿಲ್ ಬಂದರೆ ಇಬ್ಬರೂ ಟಿವಿಎಸ್ ಗಾಡಿಯ ಮೇಲೆ ಪುಸ್ತಕದ ಡಬ್ಬ ಕಟ್ಟಿಕೊಂಡು ಪೂರಿಗಾಲಿ, ಬೆಳಕವಾಡಿ, ಅಲ್ಲಿಂದಾಚೆಗೂ ಜಯಂತಿ ನಡೆಯುವ ಊರೂರಿಗೆ ಹೋಗುತ್ತಿದ್ದರು. ಆ ಊರುಗಳ ದಲಿತ ಕೇರಿಯ ಮನೆಗಳಲ್ಲಿ ಕೂತು ಉಣ್ಣುತ್ತಾನೆ ಎಂದು ಪುಟ್ಟರಾಜುವಿನ ಊರಿನಲ್ಲಿ ಮಾತಾಗಿತ್ತು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಹದೇವಯ್ಯನವರಿಗೆ ಅವನ ಮೇಲೆ ಅಷ್ಟು ಅಭಿಮಾನ ಬೆಳೆದದ್ದು ಅದೇ ಕಾರಣಕ್ಕೆ. ಅವನು ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದ. ಇವನೇ ನನ್ನ ಮಗ ಎಂದು ಅವರು ನಾಲ್ಕು ಜನರ ಎದುರು ಹೇಳಿದ್ದನ್ನು ಶೋಭಿತಾ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಆಗ ಅವಳು ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಕೊರೋನಾದ ವರ್ಷ ಅಂಗಡಿ ಮುಚ್ಚಿದ್ದಾಗ ಪುಟ್ಟರಾಜು ಓದುಗರದೊಂದು ವಾಟ್ಸಾಪ್ ಗುಂಪು ಮಾಡಿ ಮನೆ ಮನೆಗೆ ಪುಸ್ತಕ ತಲುಪಿಸಿದ. ಮಹದೇವಯ್ಯನವರಿಗೆ ಅದು ಬಹಳ ಖುಷಿಯಾಗಿತ್ತು. ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಶೋಭಿತಾ ಕೆಲಸ ಬಿಟ್ಟು ಬಂದು ಅಂಗಡಿಯಲ್ಲಿ ಕೂತಳು. ಆನ್‌ಲೈನ್ ವ್ಯಾಪಾರಕ್ಕೆ ಮಂಡ್ಯವೇ ಅನುಕೂಲ, ಅಲ್ಲಿಂದ ನೋಡಿಕೊಳ್ಳುತ್ತೇನೆ ಎಂದು ಪುಟ್ಟರಾಜು ಅಲ್ಲಿಗೆ ಹೋದ. ಅಪ್ಪನ ಮಣ್ಣಿಗೆ ಬಂದು, ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

ಸಾವಿನ ಗಡಿಬಿಡಿಯಲ್ಲಿ ಫೋನು ನೋಡಿರದ ಶೋಭಿತಾ, ಈಗ ಆ ವಾಟ್ಸಾಪ್ ಗುಂಪಿನಲ್ಲಿ ಅಂಗಡಿ ತೆರೆದಿದೆ ಎಂದು ಬರೆದಳು. ಸ್ವಲ್ಪ ಹೊತ್ತಿಗೆ ಆ ಮಾತು ಅಳಿಸಿಹೋಯಿತು. ಮತ್ತೆ ಬರೆಯೋಣವೆಂದು ನೋಡಿದರೆ ಪುಟ್ಟರಾಜು ಅವಳನ್ನೇ ಗುಂಪಿನಿಂದ ತೆಗೆದುಹಾಕಿದ್ದ.

ಮಂಡ್ಯದ ಗುತ್ತಲು ರಸ್ತೆಯ ಒಂದು ಗೋಡೌನಿನಲ್ಲಿ ಅವನನ್ನು ಹೋಗಿ ಕಂಡಳು. ಸೀಲಿಂಗ್ ಮುಟ್ಟುವ ಹಾಗೆ ಪುಸ್ತಕದ ಕಟ್ಟುಗಳು, ಟೇಪಿನ ವಾಸನೆ. ಅವನು ಎದ್ದು ನಿಂತು ಕುರ್ಚಿ ಹಾಕಿಸಿದ, ಕಾಫಿ ತರಿಸಿದ. ಅವಳು ಕಾಫಿ ಮುಟ್ಟಲಿಲ್ಲ. ಆ ಫೋಟೊ ಅಳಿಸು, ಅಂಗಡಿ ಮುಚ್ಚಿಲ್ಲ ಅಂತ ಎಲ್ಲರಿಗೂ ತಿಳಿಸು ಎಂದಳು. ಅವನು ದನಿ ಏರಿಸದೆ ಉತ್ತರ ಕೊಟ್ಟ.

“ಅಂಗ್ಡಿ ಅಂದ್ರೆ ನಾಕು ಗ್ವಾಡೆ ಅಲ್ಲ ಕಣಕ್ಕ. ಅಪ್ಪಾಜಿ ಎಸ್ರು. ಆ ಎಸ್ರಿಗೆ ಊರೂರು ಅಲೆದೋನು ನಾನು. ನೀವು ಸ್ಕೂಲಲ್ಲಿ ಪಾಠ ಏಳ್ಕಂಡಿದ್ರಿ. ಇವತ್ತು ಬಂದು ಅಪ್ಪ ನಮ್ಮೋನು ಅಂದ್ರೆ ಎಂಗೆ?”

ಶೋಭಿತಾ ಎದ್ದು ಹೊರಟಳು. ಮಾತು ಅರ್ಧ ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ವಕೀಲರೊಬ್ಬರನ್ನು ಕೇಳಿದಳು. ಹೆಸರನ್ನು ಅವನು ಆಗಲೇ ರಿಜಿಸ್ಟರ್ ಮಾಡಿಸಿಕೊಂಡಿದ್ದಾನೆ, ಕೇಸು ಹಾಕಬಹುದು, ಆದರೆ ವರ್ಷಗಟ್ಟಲೆ ಎಳೆಯುತ್ತದೆ ಎಂದರು. ಮಳವಳ್ಳಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಒಂದೇ ವಿಷಯ ಯೋಚಿಸಿದಳು. ಅವನಿಗೆ ನೋವಾಗಬೇಕು. ಅಂಗಡಿ ಉಳಿಯುವುದು ಬಿಡುವುದು ಆಮೇಲಿನ ಮಾತು.

ತಾಯಿ ಬೆಳ್ಳಮ್ಮನಿಗೆ ಆ ಫೋಟೊ ತೋರಿಸಿದಾಗ ಅವಳು ಸೆರಗಿನಿಂದ ಪರದೆ ಒರೆಸಿ ನೋಡಿದಳು. ಆಮೇಲೆ, “ಎಣದ ಮುಂದೆ ನಿಂತ್ಕಂಡು ಯಾಪಾರ ಮಾಡವ್ನೆ. ಅವನ್ನ ಸುಮ್ಕೆ ಬುಡಬ್ಯಾಡ ಕಣವ್ವ,” ಎಂದಳು.

ಬಿಡದೆ ಇರುವುದು ಹೇಗೆ ಎಂಬುದು ಶೋಭಿತಾಳಿಗೆ ಗೊತ್ತಾದದ್ದು ಆಶಾರಾಣಿಯಿಂದ. ಆಶಾರಾಣಿ ಒಂದು ಕೊರಿಯರ್ ಏಜೆನ್ಸಿಗೆ ಬೆಳಕವಾಡಿ ಮತ್ತು ಪೂರಿಗಾಲಿ ಲೈನಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ ಹೆಂಗಸು. ಗಂಡ ಇಲ್ಲ, ಒಬ್ಬಳು ಮಗಳಿದ್ದಾಳೆ. ಬೆಳಿಗ್ಗೆ ಸ್ಕೂಟಿಯ ಹಿಂದೆ ದೊಡ್ಡ ಚೀಲ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನ ಅಂಗಡಿಯ ಫ್ಯಾನಿನ ಕೆಳಗೆ ಬಂದು ಬುತ್ತಿ ಬಿಚ್ಚುತ್ತಿದ್ದಳು. ಪೊಲೀಸ್ ಪರೀಕ್ಷೆಗೆ ಓದಿಕೊಳ್ಳಲು ಶೋಭಿತಾ ಅವಳಿಗೆ ಗೈಡುಗಳನ್ನು ಎರವಲು ಕೊಡುತ್ತಿದ್ದಳು, ಅವಳು ಓದಿ ಮುಗಿಸಿ ಹಾಗೇ ತಂದಿಡುತ್ತಿದ್ದಳು. ಆ ವರ್ಷ ಅಂಗಡಿಗೆ ದಿನವೂ ತಪ್ಪದೆ ಬರುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಅವಳು ಬೇಸರದಲ್ಲಿ ಬಂದು ಕೂತಳು. ಬೆಳಕವಾಡಿಯಲ್ಲಿ ಯಾರೋ ದೊಡ್ಡ ಮಿಕ್ಸಿ ತರಿಸಿ, ಬಾಗಿಲಿಗೆ ಹೋದಾಗ ಬೇಡ ಎಂದಿದ್ದರು. ದುಡ್ಡು ಬಾಗಿಲಲ್ಲಿ ಕೊಡುವ ಪಾರ್ಸೆಲ್ಲುಗಳದ್ದೆಲ್ಲ ಇದೇ ಹಣೆಬರಹ ಎಂದು ಅವಳು ಗೊಣಗಿದಳು.

“ವಾಪಸ್ ಓದ್ರೆ ನಂಗೂ ಏನೂ ಉಟ್ಟಲ್ಲ ಕಣಕ್ಕ. ಕಳ್ಸಿದೋನ್ಗೆ ಇನ್ನೂ ಕಷ್ಟ. ಓಗಿದ್ದಕ್ಕೂ ಬಂದಿದ್ದಕ್ಕೂ ಎರಡಕ್ಕೂ ಬಾಡಿಗೆ ಅವನೇ ಕಟ್ಬೇಕು.”

ಶೋಭಿತಾಳ ಮನಸ್ಸಿನಲ್ಲಿ ಉಳಿದದ್ದು ಎರಡನೆಯ ಮಾತು. ಮೊದಲನೆಯದನ್ನು ಅವಳು ಕೇಳಿಯೂ ಕೇಳಲಿಲ್ಲ.

ನವೆಂಬರಿಗೆ ಕಾದಳು. ರಾಜ್ಯೋತ್ಸವದ ತಿಂಗಳಲ್ಲಿ ಪುಟ್ಟರಾಜು ಪ್ರಕಾಶಕರಿಂದ ಸಾಲಕ್ಕೆ ರಾಶಿ ಪುಸ್ತಕ ಎತ್ತುತ್ತಾನೆಂದು ಅವಳಿಗೆ ಗೊತ್ತಿತ್ತು, ಅಂಗಡಿಯಲ್ಲೂ ಪ್ರತಿ ವರ್ಷ ಮಾಡುತ್ತಿದ್ದುದು ಅದನ್ನೇ. ‘ಮಹದೇವಯ್ಯ ಬುಕ್ಸ್’ಗೆ ಮೊದಲ ಆರ್ಡರನ್ನು ಬೆಳ್ಳಮ್ಮನ ಫೋನಿನಿಂದ, ಬೆಳಕವಾಡಿಯ ತವರುಮನೆಯ ವಿಳಾಸಕ್ಕೆ ಮಾಡಿದಳು. ಸಂಪುಟಗಳ ಒಂದು ದೊಡ್ಡ ಸೆಟ್ಟು. ಪಾರ್ಸೆಲ್ ಬಂದಾಗ ಸೋದರಮಾವನ ಹೆಂಡತಿ ನಾವು ತರಿಸಿಲ್ಲ ಎಂದು ಕಳಿಸಿದಳು. ಅಷ್ಟು ಸುಲಭವಾಗಿತ್ತು.

ಆಮೇಲೆ ಶೋಭಿತಾ ಭಾನುವಾರಗಳಂದು ಬಸ್ಸು ಹತ್ತಿ ನೆಂಟರ ಮನೆಗಳಿಗೆ ಹೋದಳು. ಮದ್ದೂರಿನ ಪಕ್ಕದ ವೈದ್ಯನಾಥಪುರದಲ್ಲಿದ್ದ ಅಪ್ಪನ ತಮ್ಮನ ಮನೆಗೂ ಹೋದಳು. ಎಲ್ಲ ಕಡೆಯೂ ಆ ಫೋಟೊ ತೋರಿಸಿದಳು. ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಆ ಮನೆಗಳ ಎಷ್ಟೋ ಮಕ್ಕಳನ್ನು ಕೈಹಿಡಿದು ಹೈಸ್ಕೂಲಿಗೆ ಸೇರಿಸಿದವರು ಮಹದೇವಯ್ಯನವರು. ಅವರ ಸಾವನ್ನು ರಿಯಾಯಿತಿ ಮಾರಾಟಕ್ಕೆ ಹಾಕಿದ್ದಾನೆ ಎಂದು ತಿಳಿದ ಮೇಲೆ ಹೆಂಗಸರು ತಾವೇ ಫೋನ್ ನಂಬರು ಕೊಟ್ಟರು, ಅಕ್ಕಪಕ್ಕದವರದೂ ಕೊಡಿಸಿದರು. ಬಾಗಿಲಿಗೆ ಬಂದಾಗ ಬೇಡ ಎನ್ನುವುದಷ್ಟೇ ಅವರ ಕೆಲಸ.

ತೂಕದ ಪುಸ್ತಕಗಳನ್ನೇ ಅವಳು ಆರಿಸಿದಳು. ನಿಘಂಟು, ವಿಶ್ವಕೋಶ, ಬಣ್ಣದ ಚಿತ್ರಗಳ ದಪ್ಪ ರಟ್ಟಿನ ಮಕ್ಕಳ ಪುಸ್ತಕ. ಒಂದು ಪುಸ್ತಕ ಮಂಡ್ಯದಿಂದ ಹೊರಟು ಮದ್ದೂರಿನಲ್ಲಿ ಬೇರೆ ಚೀಲಕ್ಕೆ ಬಿದ್ದು, ಮಳವಳ್ಳಿಗೆ ಬಂದು, ಹಳ್ಳಿಯ ಬಾಗಿಲು ನೋಡಿ ಅದೇ ದಾರಿಯಲ್ಲಿ ವಾಪಸಾದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವಾಗ ಮೂಲೆ ಜಜ್ಜುತ್ತದೆ. ಬರುವಾಗ ಬೆನ್ನು ಬಿರಿಯುತ್ತದೆ. ಆ ಪುಸ್ತಕವನ್ನು ಯಾರೂ ಹೊಸದೆಂದು ಕೊಳ್ಳುವುದಿಲ್ಲ. ಹಾಳೆಯ ತುದಿ ಮಡಚಿದರೆ ಅಪ್ಪ ಗದರುತ್ತಿದ್ದರು. ಅದು ನೆನಪಾದರೂ ಅವಳ ಬೆರಳು ನಿಲ್ಲಲಿಲ್ಲ. ಖಾಲಿ ಅಂಗಡಿಯಲ್ಲಿ ಕೂತು ಒಂದೊಂದೇ ಆರ್ಡರ್ ಒತ್ತುವಾಗ, ಅಪ್ಪ ಸತ್ತ ಮೇಲೆ ಮೊದಲ ಸಲ, ಅವಳಿಗೆ ಚೆನ್ನಾಗಿ ಹಸಿವಾಗತೊಡಗಿತು. ಬೆಳ್ಳಮ್ಮ ಬಡಿಸಿದ ಮುದ್ದೆಯನ್ನು ಪೂರ್ತಿ ಉಂಡು ಏಳುತ್ತಿದ್ದಳು.

ತಪ್ಪಿದ್ದು ಒಂದೇ ಕಡೆ. ಪೂರಿಗಾಲಿಯಲ್ಲಿ ಬೆಳ್ಳಮ್ಮನ ಅಕ್ಕ ಚಿಕ್ಕಬೋರಮ್ಮ ಇದ್ದಳು, ವಯಸ್ಸಾದವಳು, ಅಕ್ಷರ ಬಾರದವಳು. ಅವಳ ಹೆಸರಿಗೆ ಕಳಿಸಿದ್ದ ಪಾರ್ಸೆಲ್ ವಾಪಸಾಗಲಿಲ್ಲ. ಪಿಂಚಣಿಯ ದುಡ್ಡು ಕೊಟ್ಟು ಬಿಡಿಸಿಕೊಂಡುಬಿಟ್ಟಿದ್ದಳು. ಶೋಭಿತಾ ಅಲ್ಲಿಗೇ ಹೋಗಿ, ಎಷ್ಟು ಹೇಳಿದ್ದೆ ದೊಡ್ಡವ್ವ, ಯಾಕೆ ತಗೊಂಡೆ ಎಂದು ಗದರಿದಳು. ಚಿಕ್ಕಬೋರಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಆ ಎಣ್ಮಗ ಬಂದು ಬಾಗ್ಲಲ್ಲಿ ನಿಂತ್ಕಂಡು ಚಿಕ್ಕಬೋರಮ್ಮ ಅನ್ನೋರು ಯಾರವ್ವ ಅಂತು. ಇದ್ವರ್ಗೂ ನನ್ನೆಸ್ರಾಕ್ಕಂಡು ಯಾರ ಏನ ಕಳ್ಸಿದ್ರು? ಬ್ಯಾಡ ಅನ್ನಕ್ಕೆ ಬಾಯೇ ಬರ್ನಿಲ್ಲ ಕಣವ್ವ.”

ಒಳಗಿನಿಂದ ಮೊಮ್ಮಗಳು ಆ ಪುಸ್ತಕ ತಂದು ತೋರಿಸಿದಳು. ಹಕ್ಕಿಗಳದ್ದು. ಹೊದಿಕೆಗೆ ಆಗಲೇ ಹಳೆಯ ಕ್ಯಾಲೆಂಡರಿನ ಬೈಂಡು ಹಾಕಿದ್ದರು. ಮರಕುಟುಕನ ಪುಟ ತೆರೆದು, ಇದು ನಮ್ಮ ತೋಪಲ್ಲೂ ಬತ್ತದೆ ಎಂದಳು. ಶೋಭಿತಾಳಿಗೆ ಕೋಪ ಮುಂದುವರಿಸಲು ಆಗಲಿಲ್ಲ. ಕೊಟ್ಟ ದುಡ್ಡನ್ನು ಹಿಂದಿರುಗಿಸಲು ಹೋದರೆ ಮುದುಕಿ ಕೈ ತಳ್ಳಿದಳು. ಬಸ್ಸಿಗೆ ನಡೆದು ಬರುವಾಗ, ಅಪ್ಪ ಹೋದ ಮೇಲೆ ಈ ಊರಿಗೆ ತಾನು ಒಂದು ಪುಸ್ತಕವನ್ನೂ ತಂದಿಲ್ಲ ಎಂಬುದು ಅವಳ ತಲೆಗೆ ಹೊಳೆಯಿತು. ಆ ಯೋಚನೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು, ಕೂತ ಕೂಡಲೇ ಇನ್ನೊಂದು ಆರ್ಡರ್ ಹಾಕಿದಳು.

ಡಿಸೆಂಬರಿನ ಮೊದಲ ವಾರ ಆಶಾರಾಣಿ ಮಧ್ಯಾಹ್ನದ ಬುತ್ತಿಯಿಲ್ಲದೆ ಬಂದಳು. ಕೂತುಕೊಳ್ಳಲಿಲ್ಲ. ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟಳು. ಬೇಡ ಎಂದು ವಾಪಸ್ ಬರುತ್ತಿರುವ ಪಾರ್ಸೆಲ್ಲುಗಳೆಲ್ಲ ಒಬ್ಬನದೇ, ಎಲ್ಲವೂ ಪುಸ್ತಕ, ಹೋಗುವ ಮನೆಗಳೆಲ್ಲ ನಿಮ್ಮ ನೆಂಟರದ್ದು ಅಥವಾ ಅವರ ಅಕ್ಕಪಕ್ಕದವರದ್ದು ಎಂದಳು. ಬೆಳಕವಾಡಿಯ ಒಂದು ಮನೆಯಲ್ಲಿ ಚಿಕ್ಕ ಮಗುವೊಂದು, ಶೋಭಕ್ಕ ಬ್ಯಾಡ ಅನ್ನು ಅಂತ ಏಳವ್ಳೆ ಎಂದು ಬಾಯಿಬಿಟ್ಟಿತ್ತು. ತಿಂಗಳಿಡೀ ಚೀಲದಲ್ಲಿ ಅರ್ಧಕ್ಕರ್ಧ ಅವೇ. ಹೊತ್ತುಕೊಂಡು ಹೋಗುವುದು, ಹೊತ್ತುಕೊಂಡು ಬರುವುದು. ಅವಳಿಗೆ ಸಂಬಳವೆಂದರೆ ತಲುಪಿಸಿದ ಪಾರ್ಸೆಲ್ಲಿಗೆ ಇಷ್ಟು ಎಂದು ಮಾತ್ರ.

ಶೋಭಿತಾ ಮುಚ್ಚಿಡಲಿಲ್ಲ. ಪುಟ್ಟರಾಜು ಮಾಡಿದ್ದನ್ನೆಲ್ಲ ಹೇಳಿದಳು. ಫೋಟೊವನ್ನೂ ತೋರಿಸಿದಳು. ಆಶಾರಾಣಿ ಪೂರ್ತಿ ಕೇಳಿದಳು.

“ಅವನು ಮಾಡಿದ್ದು ತಪ್ಪೇಯ. ನಾನು ಇಲ್ಲ ಅನ್ನಕಿಲ್ಲ. ಆದ್ರೆ ನಿಮ್ ದ್ವೇಸಕ್ಕೆ ನನ್ ಪೆಟ್ರೋಲು ಯಾಕಕ್ಕ ಉರೀಬೇಕು?”

“ಇನ್ನೊಂದು ವಾರ ಆಶಾ. ಒಂದೇ ವಾರ. ಅವನು ಕುಸಿಯೋ ಹಂತಕ್ಕೆ ಬಂದಿದ್ದಾನೆ,” ಎಂದಳು ಶೋಭಿತಾ.

ಆಶಾರಾಣಿ ಎರವಲು ತೆಗೆದುಕೊಂಡಿದ್ದ ಗೈಡನ್ನು ಬ್ಯಾಗಿನಿಂದ ತೆಗೆದು ಕೌಂಟರಿನ ಮೇಲಿಟ್ಟು, ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದಳು. ಆ ಸಂಜೆ ಬೆಳ್ಳಮ್ಮನಿಗೆ ವಿಷಯ ಗೊತ್ತಾಗಿ, ಆ ಎಣ್ಮಗಿಗೆ ಅನ್ಯಾಯ ಮಾಡಬ್ಯಾಡ ಎಂದು ಹೇಳಿ ನೋಡಿದಳು. ಹಾಕಿದ್ದ ಆರ್ಡರುಗಳನ್ನು ರದ್ದು ಮಾಡುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಶೋಭಿತಾ ಒತ್ತಲಿಲ್ಲ. ಆ ವಾರ ಇನ್ನೂ ಕೆಲವನ್ನು ಸೇರಿಸಿದಳು.

ವಾರ ತುಂಬುವ ಮೊದಲೇ ಅದು ತಾನಾಗಿ ನಿಂತಿತು. ಬೆಳಕವಾಡಿಯ ವಿಳಾಸ ಹಾಕಿದರೆ, ಈ ಪ್ರದೇಶಕ್ಕೆ ನಗದು ಪಾವತಿಯ ಸೌಲಭ್ಯವಿಲ್ಲ ಎಂದು ಬಂತು. ಪೂರಿಗಾಲಿಗೆ, ವೈದ್ಯನಾಥಪುರಕ್ಕೆ ಹಾಕಿದರೂ ಅದೇ. ವಾಪಸ್ ಬರುವ ಪಾರ್ಸೆಲ್ಲು ಮಿತಿ ಮೀರಿತೆಂದು ಕೊರಿಯರಿನವರು ಆ ಲೈನುಗಳಿಗೆ ಬಾಗಿಲಲ್ಲಿ ದುಡ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಪುಸ್ತಕಕ್ಕೆ ಮಾತ್ರ ಅಲ್ಲ, ಎಲ್ಲದಕ್ಕೂ. ಆ ಊರುಗಳಲ್ಲಿ ಫೋನಿನಲ್ಲೇ ದುಡ್ಡು ಕಟ್ಟಿ ತರಿಸುವವರು ಕಡಿಮೆ. ಹೊರೆ ಇಳಿದುಹೋದ ಲೈನಿಗೆ ಪ್ರತ್ಯೇಕ ಆಳು ಯಾಕೆಂದು ಏಜೆನ್ಸಿಯವನು ಆಶಾರಾಣಿಯನ್ನು ಬಿಡಿಸಿದ.

ಹೆಂಗಸರ ಫೋನುಗಳು ಬರತೊಡಗಿದವು. ಮಗುವಿನ ಶೂ ತರಿಸೋಣವೆಂದರೆ ಆಗುತ್ತಿಲ್ಲ, ಅತ್ತೆಯ ಮಂಡಿಗೆ ಹಾಕುವ ಬೆಲ್ಟು ಬರುತ್ತಿಲ್ಲ. ವೈದ್ಯನಾಥಪುರದ ಚಿಕ್ಕಮ್ಮ ನೇರವಾಗಿಯೇ ಹೇಳಿದಳು, ಭಾವನ ಹೆಸರಿಗಾಗಿ ಮಾಡಿದೆವು, ಈಗ ಓಣಿಯವರ ಕೈಲೆಲ್ಲ ಬೈಸಿಕೊಳ್ಳುತ್ತಿದ್ದೇವೆ ಎಂದು. ಶೋಭಿತಾ ಎಲ್ಲರಿಗೂ ಸರಿಹೋಗುತ್ತದೆ ಎಂದಳು. ಹೇಗೆ ಸರಿಹೋಗುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಆ ಗದ್ದಲದ ನಡುವೆಯೇ ಒಂದು ಬೆಳಿಗ್ಗೆ ಪುಟ್ಟರಾಜು ಬಂದ.

ಕೆನ್ನೆ ಇಳಿದಿತ್ತು. ಅಂಗಡಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಹಳೆಯ ಅಭ್ಯಾಸದಂತೆ ಒಳಗೆ ಬಂದು ಕೌಂಟರಿನ ಪಕ್ಕದ ಬುದ್ಧನ ಮೂರ್ತಿಗೆ ಕೈ ಮುಗಿದ. ಶೋಭಿತಾ ಕೂತೇ ಇದ್ದಳು. ಅವನು ಸುತ್ತು ಬಳಸಲಿಲ್ಲ. ವಾಪಸ್ ಬಂದ ಪುಸ್ತಕ ಗೋಡೌನಿನ ತುಂಬ ಬಿದ್ದಿದೆ, ಕೊರಿಯರಿನವರು ಬಾಡಿಗೆ ಕಟ್ಟದೆ ಹೊಸದನ್ನು ಎತ್ತುತ್ತಿಲ್ಲ, ಪ್ರಕಾಶಕರು ದಿನಾ ಫೋನು ಮಾಡುತ್ತಿದ್ದಾರೆ ಎಂದ. ಯಾರು ಮಾಡಿಸಿದ್ದು ಎಂಬುದು ವಿಳಾಸ ನೋಡಿಯೇ ತಿಳಿಯಿತು ಎಂದ.

“ಈ ಎಸ್ರುಗಳು ನಂಗೊತ್ತಿಲ್ವಾ ಅಕ್ಕ? ಈ ಮನೆಗಳಲ್ಲೆಲ್ಲ ಅಪ್ಪಾಜಿ ಜೊತೆ ಕೂತು ಉಂಡಿವ್ನಿ. ಮಕ್ಳಿಗೆ ತರುಸ್ಕತಾವ್ರೆ ಅನ್ಕಂಡು ಪಾರ್ಸೆಲ್ ಮೇಲೆ ಚಿಕ್ಕಬೋರಮ್ಮ ಅಂತ ನಾನೇ ಅಂಟುಸ್ದೆ. ಅವ್ರೊಬ್ರದ್ದು ವಾಪಸ್ ಬರ್ನಿಲ್ಲ, ಅದೊಂದು ಸಮಾಧಾನ ನಂಗೆ.”

ಅವನ ಕಣ್ಣು ತುಂಬಿತ್ತು. ಶೋಭಿತಾ ನೋಡಿದಳು. ಮಣ್ಣಿನ ದಿನವೂ ಅವನು ಹೀಗೇ ಅತ್ತಿದ್ದ, ಅದೇ ದಿನ ಫೋಟೊ ತೆಗೆದುಕೊಂಡಿದ್ದ. ಅತ್ತದ್ದೂ ಸುಳ್ಳಲ್ಲ, ತೆಗೆದದ್ದೂ ಸುಳ್ಳಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟು ಇಳಿಯಲಿಲ್ಲ.

ಇಬ್ಬರೂ ಒಟ್ಟಿಗೆ ನಡೆಸೋಣ, ಅಂಗಡಿ ನೀವು ನೋಡಿಕೊಳ್ಳಿ, ಆನ್‌ಲೈನು ನಾನು ನೋಡಿಕೊಳ್ಳುತ್ತೇನೆ ಎಂದ ಪುಟ್ಟರಾಜು. ಆರ್ಡರುಗಳನ್ನು ಮಾತ್ರ ನಿಲ್ಲಿಸಿಬಿಡಿ ಎಂದು ಬೇಡಿಕೊಂಡ.

ಆರ್ಡರುಗಳು ನಿಂತು ಆಗಲೇ ಎಷ್ಟೋ ದಿನವಾಗಿತ್ತು. ಅವಳು ಹಾಕಬೇಕೆಂದರೂ ಹಾಕುವಂತಿರಲಿಲ್ಲ. ದಾರಿಯಲ್ಲಿದ್ದ ಹಳೆಯ ಪಾರ್ಸೆಲ್ಲುಗಳು ಇನ್ನೂ ವಾಪಸ್ ಬರುತ್ತಿದ್ದುದರಿಂದ ಅದು ಅವನಿಗೆ ತಿಳಿದಿರಲಿಲ್ಲ. ಶೋಭಿತಾ ಹೇಳಲಿಲ್ಲ.

“ನಿಲ್ಲಿಸ್ತೀನಿ. ಆದರೆ ನೀನು ಈ ಮೆಟ್ಟಿಲ ಮೇಲೆ ನಿಂತುಕೊಂಡು, ಅಂಗಡಿ ಮುಚ್ಚಿದೆ ಅಂತ ನಾನು ಸುಳ್ಳು ಹೇಳಿದೆ ಅಂತ ಹೇಳಬೇಕು. ವಿಡಿಯೋ ಮಾಡ್ತೀನಿ. ಅದನ್ನ ಆ ಗುಂಪಿಗೆ ನೀನೇ ಹಾಕಬೇಕು.”

ಅವನು ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತುಕೊಂಡ. ಎದುರಿನ ಜೆರಾಕ್ಸ್ ಅಂಗಡಿಯವರು, ಸೊಪ್ಪು ಮಾರುವ ಹೆಂಗಸರು ಎಲ್ಲ ಇತ್ತಲೇ ನೋಡತೊಡಗಿದರು. ಶೋಭಿತಾ ಫೋನು ಹಿಡಿದಳು. ಮೊದಲ ಸಲ ಸುಳ್ಳು ಎಂಬ ಮಾತು ಬಂದಾಗ ಅವನ ದನಿ ಒಳಗೇ ಹೋಯಿತು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದಳು. ಮತ್ತೆ ಹೇಳಿದ. ಅದೂ ಸರಿಯಾಗಿತ್ತು. ಆದರೂ ಬಸ್ಸಿನ ಹಾರ್ನು ಬಂತೆಂದು ಮತ್ತೊಮ್ಮೆ ಹೇಳಿಸಿದಳು. ಹಾರ್ನು ಬಂದಿರಲಿಲ್ಲ. ಅಪ್ಪಾಜಿ ಸತ್ತ ದಿನ ಅವರ ಫೋಟೊ ತಕ್ಕಂಡು ಯಾಪಾರ ಮಾಡ್ದೆ, ನಂದು ತಪ್ಪಾಯ್ತು ಎಂದು ಅವನು ಮುಗಿಸಿದ. ಬೆವರು ಕತ್ತಿಗಿಳಿದಿತ್ತು. ಅಲ್ಲೇ ನಿಂತು ಗುಂಪಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ನೋಡದೆ ಬಸ್ ನಿಲ್ದಾಣದ ಕಡೆ ನಡೆದ.

ಶೋಭಿತಾ ಒಳಗೆ ಬಂದು ಕೂತಳು. ಆ ವಿಡಿಯೋವನ್ನು ಆ ದಿನ ಎಷ್ಟು ಸಲ ನೋಡಿದಳೋ. ಪ್ರತಿ ಸಲವೂ ಸುಳ್ಳು ಎನ್ನುವ ಜಾಗದಲ್ಲಿ ಅವಳಿಗೆ ಹಿತವಾಗುತ್ತಿತ್ತು.

ಆ ವಾರ ಅಂಗಡಿ ತುಂಬಿತು. ಮಂಡ್ಯದಿಂದ, ಮದ್ದೂರಿನಿಂದ ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಎಂಥ ಮನುಷ್ಯನಮ್ಮ ಅವನು ಎಂದು ಪುಟ್ಟರಾಜುವನ್ನು ಬೈದರು, ಮಹದೇವಯ್ಯನವರನ್ನು ನೆನೆದರು, ಕೈತುಂಬ ಪುಸ್ತಕ ಕೊಂಡರು. ಸಂಕ್ರಾಂತಿಯವರೆಗೂ ಹಾಗೇ ನಡೆಯಿತು. ಆಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಪುಟ್ಟರಾಜು ಗೋಡೌನು ಖಾಲಿ ಮಾಡಿದ. ಅವನ ದಾಸ್ತಾನನ್ನೆಲ್ಲ ಬೆಂಗಳೂರಿನ ಒಬ್ಬ ದೊಡ್ಡ ಆನ್‌ಲೈನ್ ಮಾರಾಟಗಾರ ಒಟ್ಟಿಗೆ ಎತ್ತಿಕೊಂಡು, ಪುಟ್ಟರಾಜು ಕೊಡುತ್ತಿದ್ದುದಕ್ಕಿಂತಲೂ ಕಡಿಮೆಗೆ ಮಾರಲು ಇಟ್ಟ. ಮೂಲೆ ಜಜ್ಜಿದ ನಿಘಂಟುಗಳೂ ಅದರಲ್ಲಿದ್ದವು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಅಲ್ಲಿ ಕೊಳ್ಳುತ್ತಿದ್ದರು. ಆ ದೊಡ್ಡವನಿಗೆ ಮಹದೇವಯ್ಯ ಎಂಬ ಹೆಸರೂ ಗೊತ್ತಿಲ್ಲ, ಶೋಭಿತಾ ಎಂಬ ಹೆಸರೂ ಗೊತ್ತಿಲ್ಲ. ಅವನ ಮೇಲೆ ಸೇಡು ತೀರಿಸಿಕೊಳ್ಳಲು ಅವಳಿಗೆ ಯಾವ ಬಾಗಿಲೂ ಕಾಣಲಿಲ್ಲ.

ಪುಟ್ಟರಾಜು ಮದ್ದೂರಿನ ಬಳಿ ಭಾವಮೈದನ ಆಲೆಮನೆಯಲ್ಲಿ ಬೆಲ್ಲದ ಲೆಕ್ಕ ನೋಡಿಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಬೆಳ್ಳಮ್ಮ ಕೇಳಿ ನಿಟ್ಟುಸಿರು ಬಿಟ್ಟಳು. ನಿನ್ನ ಒಟ್ಟೆ ತಣ್ಣಗಾಯ್ತಾ ಎಂದು ಮಗಳನ್ನು ಕೇಳಿದಳು. ಆಯ್ತು ಎಂದಳು ಶೋಭಿತಾ. ಅದು ನಿಜವಾಗಿತ್ತು. ಪುಟ್ಟರಾಜುವಿನ ವಿಷಯದಲ್ಲಿ ಅವಳು ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ.

ಉಳಿದದ್ದು ಆಶಾರಾಣಿಯ ವಿಷಯ. ಅವಳ ಮನೆಗೆ ಶೋಭಿತಾ ಎರಡು ಸಲ ಹೋದಳು. ಮೊದಲ ಸಲ ಬಾಗಿಲಿಗೆ ಬೀಗ ಇತ್ತು. ಎರಡನೆಯ ಸಲ ಮಗಳು ಬಾಗಿಲಿಗೆ ಬಂದು, ಅವ್ವ ಮಲಗಿದ್ದಾಳೆ ಎಂದಳು. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಫೆಬ್ರವರಿಯಲ್ಲಿ ಆಶಾರಾಣಿ ತಾನೇ ಬಂದಳು. ಅದೇ ಸ್ಕೂಟಿ, ಹಿಂದೆ ಖಾಲಿ ಚೀಲ. ಗಾರ್ಮೆಂಟ್ಸಿಗೆ ಸೇರಿ ಬಿಟ್ಟಿದ್ದಳು, ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಲು ಆಗುತ್ತಿರಲಿಲ್ಲವಂತೆ. ನಮಸ್ಕಾರ ಹೇಳಲಿಲ್ಲ, ಅಕ್ಕ ಎಂದೂ ಕರೆಯಲಿಲ್ಲ.

“ನನ್ ಕೆಲ್ಸ ಕಳ್ದೋರು ನೀವು. ಈಗ ನೀವೇ ಕೆಲ್ಸ ಕೊಡ್ಬೇಕು. ಆ ಲೈನಲ್ಲಿ ಯಾವ್ ಮನೇಲಿ ಯಾರು ಓದ್ತಾರೆ, ಯಾವ್ ಮಗ ಏನ್ ಪರೀಕ್ಸೆ ಕಟ್ಟವ್ನೆ, ಎಲ್ಲ ನಂಗೊತ್ತು. ಪುಸ್ತಕ ತುಂಬುಸ್ಕೊಡಿ, ಓಯ್ತೀನಿ. ತಿಂಗಳ ಸಂಬಳ ಕೊಡ್ಬೇಕು. ಯಾಪಾರ ಆಗ್ಲಿ, ಬುಡ್ಲಿ.”

ಶೋಭಿತಾ ಒಪ್ಪಿದಳು. ಒಪ್ಪದೆ ಇರಲು ಅವಳಿಗೆ ಮುಖವಿರಲಿಲ್ಲ. ಸಂಬಳ ಎಲ್ಲಿಂದ ತರುವುದು ಎಂದು ಆ ಕ್ಷಣ ತಿಳಿಯಲಿಲ್ಲ, ಆದರೆ ಒಪ್ಪಿದಳು.

ಮೊದಲ ದಿನ ಇಬ್ಬರೂ ಒಟ್ಟಿಗೆ ಬೆಳಕವಾಡಿಗೆ ಹೋದರು. ಶೋಭಿತಾ ಹಿಂದೆ ಕೂತು ತೊಡೆಯ ಮೇಲೆ ಗಂಟು ಹಿಡಿದುಕೊಂಡಿದ್ದಳು. ಮಾವನ ಓಣಿಯಲ್ಲಿ ಕೆಲವರು ಅವಳನ್ನು ಕಂಡು ಒಳಗೆ ಹೋದರು. ಶೂ ಸಿಗದ ಮಗುವಿನ ತಾಯಿ ನಿಂತೇ ನಾಲ್ಕು ಮಾತು ಆಡಿದಳು, ಶೋಭಿತಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆ ಹೊತ್ತಿಗೆ ಆಶಾರಾಣಿ ಪಕ್ಕದ ಜಗುಲಿಯಲ್ಲಿ ಕೂತು, ಪಿಡಿಓ ಪರೀಕ್ಷೆಗೆ ಕಟ್ಟಿದ್ದ ಹುಡುಗನಿಗೆ ಗೈಡು ಮಾರಿಯಾಗಿತ್ತು, ಅವನ ಅಜ್ಜಿಗೆ ದಪ್ಪ ಅಕ್ಷರದ ಒಂದು ಕಥೆ ಪುಸ್ತಕವನ್ನೂ ತೋರಿಸುತ್ತಿದ್ದಳು. ಅಂದು ಹೆಚ್ಚೇನೂ ಮಾರಾಟವಾಗಲಿಲ್ಲ. ಆದರೆ ಮುಂದಿನ ವಾರಕ್ಕೆ ಇದು ಬೇಕು ಅದು ಬೇಕು ಎಂದು ಹೇಳಿದವರಿದ್ದರು.

ಹಿಂದಿರುಗುವಾಗ ನಾಲೆಯ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿ ಇಬ್ಬರೂ ನೀರು ಕುಡಿದರು. ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಎಂದು ಶೋಭಿತಾ ಕೇಳಿದಳು. ಆಶಾರಾಣಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಅವಳ ಕಡೆ ನೋಡದೆ ಹೇಳಿದಳು.

“ಅದೆ. ಇರ್ಲಿ ಬುಡಿ, ಅದು ಅದರ ಪಾಡಿಗೆ ಇರ್ತದೆ. ನಾಳೆ ಪೂರಿಗಾಲಿಗೆ ಏನೇನು ತುಂಬ್ಕಳನ, ಅದೇಳಿ.”